ಟ್ರಿಮ್ ಮಾಡಿದರೂ ಸೆಸ್ನಾ ನೆಟ್ಟಗೆ ಹಾರಲ್ಲ, ಆಟೋಪೈಲಟ್ ಬಿಟ್ಟರೆ ಮೂಗು ಎತ್ತುತ್ತೆ – ಏನು ಮಾಡಬೇಕು?

ಟಿಳಕವಾಡಿ_172

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವನು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇದೆ, ವಿಮಾನ ಜಿ1000 ಪರದೆಯ ಸೆಸ್ನಾ 172, ಕೈಯಲ್ಲಿ ಸಾಧಾರಣ ಸ್ಪ್ರಿಂಗ್ ಜಾಯ್‌ಸ್ಟಿಕ್. ಯಾವಾಗಲೂ ನಮ್ಮೂರ ಸಾಂಬ್ರಾ ವಿಮಾನ ನಿಲ್ದಾಣದಿಂದಲೇ ಹೊರಡುವುದು. ರನ್‌ವೇ 26ರಿಂದ ಎದ್ದು, ಎಡಕ್ಕೆ ತಿರುಗಿ, ಹೆದ್ದಾರಿಯನ್ನು ಬಲಗಡೆ ಇಟ್ಟುಕೊಂಡು ಕಿತ್ತೂರು, ಧಾರವಾಡ ದಾಟಿ ಹುಬ್ಬಳ್ಳಿಗೆ. ಸುಮಾರು 40 ನಾಟಿಕಲ್ ಮೈಲಿ. ರಾತ್ರಿ ಊಟ ಮುಗಿಸಿ ಆರಾಮಾಗಿ ಹಾರಿಸಬಹುದಾದ ದಾರಿ, ಆದರೆ ಆರಾಮ ಅನ್ನುವುದು ಒಂದು ದಿನವೂ ಸಿಕ್ಕಿಲ್ಲ.

ತೊಂದರೆ ಹೀಗಿದೆ. 5,500 ಅಡಿಗೆ ಬಂದು ಮಟ್ಟವಾಗಿ ಹಾರೋಣ ಅಂತ ಟ್ರಿಮ್ (ಸ್ಟಿಕ್ ಹಿಡಿಯದೆಯೂ ಮೂಗು ನಿಲ್ಲುವ ಹಾಗೆ ಹದ ಮಾಡುವ ಕೀ) ಒತ್ತಿದರೆ ವರ್ಟಿಕಲ್ ಸ್ಪೀಡ್, ಅಂದರೆ ಏರಿಳಿಯುವ ದರ, ಮೇಲಕ್ಕೆ ನಿಮಿಷಕ್ಕೆ 300 ಅಡಿ ತೋರಿಸುತ್ತೆ. ಸರಿ ಅಂತ ಇನ್ನೊಂದು ಕಡೆ ಒತ್ತಿದರೆ ಕೆಳಕ್ಕೆ 400. ಮತ್ತೆ ಒತ್ತಿದರೆ ಮೇಲಕ್ಕೆ 500. ಕಿತ್ತೂರು ಬರುವಷ್ಟರಲ್ಲಿ ತಲೆ ಕೆಟ್ಟು ಆಟೋಪೈಲಟ್ ಹಾಕುತ್ತೇನೆ. ಅದೂ ಮಾತು ಕೇಳಲ್ಲ. ಒಮ್ಮೊಮ್ಮೆ 5,500ರಲ್ಲಿ ನಿಲ್ಲದೆ ಏರುತ್ತಲೇ ಹೋಗುತ್ತೆ, ಒಮ್ಮೊಮ್ಮೆ ಏರುತ್ತಾ ಏರುತ್ತಾ ವೇಗ ಕುಸಿದು ಸ್ಟಾಲ್ ಹಾರ್ನ್ (ರೆಕ್ಕೆಗೆ ಎತ್ತುವ ಬಲ ತಪ್ಪಲಿದೆ ಅನ್ನುವ ಎಚ್ಚರಿಕೆ) ಕೂಗುತ್ತೆ. ಕೊನೆಗೆ ಹುಬ್ಬಳ್ಳಿ ಹತ್ತಿರ ಕೈಯಲ್ಲಿ ಇಳಿಸೋಣ ಅಂತ ಆಟೋಪೈಲಟ್ ತೆಗೆದರೆ ಮೂಗು ದಿಢೀರ್ ಅಂತ ಎದ್ದು ಆಕಾಶ ನೋಡುತ್ತೆ.

ವಿಡಿಯೋಗಳಲ್ಲಿ ಎಲ್ಲರೂ "ಈಗ ಟ್ರಿಮ್ ಮಾಡಿ" ಅಂತ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಯಾವಾಗ ಶುರು ಮಾಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಅಂತ ಯಾರೂ ಹೇಳಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳ್ರಿ.

ಘಟಪ್ರಭಾ_ಗ್ಲೈಡರ್

ರೀ, ನೀವು ಟ್ರಿಮ್ ಹಿಡಿದು ಎತ್ತರ ಸರಿ ಮಾಡಲು ಹೊರಟಿದ್ದೀರಿ. ಟ್ರಿಮ್ ಎತ್ತರ ಹಿಡಿಯಲ್ಲ, ವೇಗ ಹಿಡಿಯುತ್ತೆ. ಇಷ್ಟು ತಲೆಗೆ ಹೋದರೆ ಅರ್ಧ ತಕರಾರು ಮುಗಿಯಿತು.

ಸೆಸ್ನಾ 172ರ ಬಾಲದಲ್ಲಿ, ಬಲಗಡೆ ಎಲಿವೇಟರ್‌ನ (ಮೂಗು ಏರಿಳಿಸುವ ಹಲಗೆ) ಹಿಂದಿನ ಅಂಚಿಗೆ ಒಂದು ಸಣ್ಣ ಪಟ್ಟಿ ಇದೆ. ಹೊರಗಿನ ಕ್ಯಾಮೆರಾ ಹಾಕಿ, ಟ್ರಿಮ್ ಚಕ್ರ ತಿರುಗಿಸಿ ನೋಡಿ. ಮೂಗು ಏಳಬೇಕು ಅಂದಾಗ ಆ ಪಟ್ಟಿ ಕೆಳಕ್ಕೆ ಬಾಗುತ್ತೆ. ಗಾಳಿ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತೆ, ಅದರ ಜೊತೆ ಇಡೀ ಎಲಿವೇಟರ್ ಮೇಲೆ ಬರುತ್ತೆ, ಬಾಲ ತಗ್ಗುತ್ತೆ, ಮೂಗು ಏಳುತ್ತೆ. ನಿಮ್ಮ ಕೈ ಎಳೆದು ಹಿಡಿಯಬೇಕಿದ್ದ ಭಾರವನ್ನು ಗಾಳಿ ಹೊರುತ್ತೆ, ಅಷ್ಟೇ ಅದರ ಕೆಲಸ. ಆದರೆ ಗಾಳಿಯ ಬಲ ವೇಗದ ಮೇಲೆ ನಿಂತಿದೆ ಅಲ್ವಾ? ಹಾಗಾಗಿ ಒಂದು ಟ್ರಿಮ್‌ಗೆ ಒಂದು ವೇಗ. ವೇಗ ಅದಕ್ಕಿಂತ ಹೆಚ್ಚಾದರೆ ವಿಮಾನ ತಾನೇ ಮೂಗು ಎತ್ತಿ ವೇಗ ಕಳೆದುಕೊಳ್ಳುತ್ತೆ, ಕಡಿಮೆಯಾದರೆ ತಾನೇ ಮೂಗು ತಗ್ಗಿಸಿ ವೇಗ ಗಳಿಸುತ್ತೆ.

ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಗಾಳಿ ಇಲ್ಲದ ಹವೆ ಹಾಕಿಕೊಂಡು, 100 ನಾಟ್‌ನಲ್ಲಿ ಮಟ್ಟವಾಗಿ, ಕೈ ಬಿಟ್ಟರೂ ಹಾರುವ ಹಾಗೆ ಟ್ರಿಮ್ ಮಾಡಿ. ಈಗ ಸ್ಟಿಕ್ ಮುಟ್ಟದೆ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮಾತ್ರ 200 ಆರ್‌ಪಿಎಂ ಕಡಿಮೆ ಮಾಡಿ. ಮೂಗು ತಾನಾಗಿ ತಗ್ಗುತ್ತೆ, ಒಂದೆರಡು ಸಲ ತೂಗಾಡುತ್ತೆ, ಆಮೇಲೆ ಹೆಚ್ಚುಕಡಿಮೆ ಅದೇ 100ರ ಆಸುಪಾಸಿನಲ್ಲಿ ಇಳಿಯುತ್ತಾ ಹೋಗುತ್ತೆ. ಥ್ರಾಟಲ್ ವಾಪಸ್ ಕೊಟ್ಟರೆ ಮತ್ತೆ ಮಟ್ಟ. ಟ್ರಿಮ್ ಮುಟ್ಟಲೇ ಇಲ್ಲ ನೋಡಿ. ವೇಗ ಟ್ರಿಮ್ ಹಿಡಿದಿತ್ತು, ಏರಿಳಿತ ಥ್ರಾಟಲ್ ಮಾಡಿತು.

ಇನ್ನು ನಿಮ್ಮ 300, 400, 500ರ ಆಟ. ಏರುತ್ತಿರುವಾಗ 75–80 ನಾಟ್ ಇರುತ್ತೆ. 5,500ಕ್ಕೆ ಬಂದು ಮೂಗು ತಗ್ಗಿಸಿದ ತಕ್ಷಣ ನೀವು ಟ್ರಿಮ್ ಒತ್ತುತ್ತಿದ್ದೀರಿ. ಆಗಿನ್ನೂ ವೇಗ 80 ಇದೆ, ಮುಂದೆ ಅದು 90, 100 ಅಂತ ಏರುತ್ತಲೇ ಇರುತ್ತೆ. ಏರಿದ ಹಾಗೆಲ್ಲಾ ಮೂಗು ಎದ್ದೇಳುತ್ತೆ. ಓಡುತ್ತಿರುವುದಕ್ಕೆ ಅಳತೆ ಹಿಡಿದರೆ ಅಳತೆ ಹೇಗೆ ನಿಲ್ಲಬೇಕು? ಅದರ ಮೇಲೆ ವರ್ಟಿಕಲ್ ಸ್ಪೀಡ್ ನೋಡಿಕೊಂಡು ಒತ್ತುತ್ತೀರಿ. ಅದು ಯಾವತ್ತೂ ಹಿಂದೆ ಉಳಿದು ಬರುವ ಮಾಪಕ. ಹಳೇ ಮುಳ್ಳಿನ ಮೀಟರ್ ಸರಿಯಾದ ಅಂಕಿ ತೋರಿಸಲು 6ರಿಂದ 9 ಸೆಕೆಂಡ್ ತೆಗೆದುಕೊಳ್ಳುತ್ತೆ. ಅಂದರೆ ಆಗಿ ಹೋದದ್ದಕ್ಕೆ ನೀವು ಈಗ ಔಷಧಿ ಹಾಕುತ್ತಿದ್ದೀರಿ.

ಹೀಗೆ ಮಾಡಿ. 500ರ ದರದಲ್ಲಿ ಏರುತ್ತಿದ್ದರೆ 50 ಅಡಿ ಮುಂಚೆಯೇ, ಅಂದರೆ 5,450ಕ್ಕೆ ಸ್ಟಿಕ್ ಮುಂದೆ ಒತ್ತಿ ಮೂಗನ್ನು ದಿಗಂತದ ಹತ್ತಿರ ತನ್ನಿ. ಅಲ್ಲೇ ಹಿಡಿದುಕೊಳ್ಳಿ. ಕೈಗೆ ಭಾರ ಅನಿಸಲಿ, ಪರವಾಗಿಲ್ಲ. ಥ್ರಾಟಲ್ ಪೂರ್ತಿ ಹಾಗೇ ಇರಲಿ, ವೇಗ 100 ದಾಟಲಿ. ಆಮೇಲೆ 2,300–2,400 ಆರ್‌ಪಿಎಂಗೆ ತನ್ನಿ. ವೇಗ ಒಂದು ಕಡೆ ನಿಂತಿತು ಅನ್ನಿಸಿದ ಮೇಲೆಯೇ ಟ್ರಿಮ್. ಅಲ್ಲಿಯ ತನಕ ಬೆರಳು ಟ್ರಿಮ್ ಕೀ ಮೇಲೆ ಹೋಗಬಾರದು. ಮೊದಲು ಮೂಗು, ಆಮೇಲೆ ಪವರ್, ಕಡೆಗೆ ಟ್ರಿಮ್. ಏರಲು ಶುರು ಮಾಡುವಾಗ ಮಾತ್ರ ಪವರ್ ಮೊದಲು, ಮೂಗು ಎರಡನೆಯದು, ಟ್ರಿಮ್ ಆಗಲೂ ಕಡೆಗೇ.

ನೋಡಬೇಕಾದ್ದು ದಿಗಂತದ ಗೆರೆ. ಎತ್ತರದ ಅಂಕಿಯನ್ನು ಆಗಾಗ ಕಣ್ಣು ಹಾಯಿಸಿ ನೋಡಿದರೆ ಸಾಕು. ಸರಿಯಾಗಿ ಟ್ರಿಮ್ ಆದ ವಿಮಾನವೂ ಒಂದು ಸಲ ಅಲುಗಿದರೆ ಅರ್ಧ ನಿಮಿಷಕ್ಕೊಂದರಂತೆ ನಿಧಾನವಾಗಿ ಮೇಲೆ ಕೆಳಗೆ ತೂಗಿ, ತಾನೇ ಸುಮ್ಮನಾಗುತ್ತೆ. ಆ ತೂಗಾಟಕ್ಕೆಲ್ಲ ಟ್ರಿಮ್ ಒತ್ತುತ್ತಾ ಕೂತರೆ ಹುಬ್ಬಳ್ಳಿ ಏನು, ಬೆಂಗಳೂರು ಬಂದರೂ ಮುಗಿಯಲ್ಲ.

ಗುಮ್ಮಟದೂರಿನವ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿಜವಾದ ವಿಮಾನಕ್ಕೂ ನಮ್ಮ ಸ್ಪ್ರಿಂಗ್ ಜಾಯ್‌ಸ್ಟಿಕ್‌ಗೂ ಇರುವ ಒಂದು ವ್ಯತ್ಯಾಸ ಬಿಟ್ಟುಹೋಗಿದೆ. ಹೊಸಬರು ಎಡವುವುದು ಬಹುಮಟ್ಟಿಗೆ ಅಲ್ಲೇ.

ನಿಜವಾದ ಸೆಸ್ನಾದಲ್ಲಿ ಯೋಕ್ (ಸ್ಟೀರಿಂಗ್‌ನಂಥ ಹಿಡಿ) ಎಳೆದು ಹಿಡಿದು ಟ್ರಿಮ್ ಚಕ್ರ ತಿರುಗಿಸಿದರೆ, ಯೋಕ್ ಇದ್ದಲ್ಲೇ ಇರುತ್ತೆ, ಕೈಗೆ ಬರುವ ಭಾರ ಮಾತ್ರ ಕರಗುತ್ತಾ ಹೋಗುತ್ತೆ. ಭಾರ ಪೂರ್ತಿ ಹೋದಾಗ ಕೈ ಬಿಟ್ಟರೆ ಆಯಿತು. ನಮ್ಮ ಜಾಯ್‌ಸ್ಟಿಕ್‌ಗೆ ವಿಮಾನದ ಗಾಳಿ ಗೊತ್ತೇ ಇಲ್ಲ. ಅದರ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುತ್ತೆ. ಹಾಗಾಗಿ ಸ್ಟಿಕ್ ಹಿಡಿದ ಹಾಗೇ ಇಟ್ಟು ಟ್ರಿಮ್ ಒತ್ತಿದರೆ ಎರಡೂ ಸೇರಿ ಮೂಗು ಜಾಸ್ತಿ ಎದ್ದುಬಿಡುತ್ತೆ. ಇಲ್ಲಿ ಭಾರ ಕೈಗೆ ತಿಳಿಯಲ್ಲ, ಕಣ್ಣಿಗೇ ತಿಳಿಯಬೇಕು. ಮೂಗನ್ನು ಬೇಕಾದ ಕಡೆ ಸ್ಟಿಕ್‌ನಿಂದ ಹಿಡಿಯಿರಿ. ಟ್ರಿಮ್ ಒಂದು ಹನಿ ಒತ್ತಿ, ಮೂಗು ಅಲುಗದ ಹಾಗೆ ಸ್ಟಿಕ್ ಒಂದು ಕೂದಲೆಳೆ ನಡುವಿಗೆ ಬಿಡಿ. ಮತ್ತೆ ಒಂದು ಹನಿ, ಮತ್ತೆ ಸ್ವಲ್ಪ ಬಿಡಿ. ಸ್ಟಿಕ್ ನಡುವಿಗೆ ಬಂದಾಗಲೂ ಮೂಗು ಅಲ್ಲೇ ನಿಂತಿದ್ದರೆ ಟ್ರಿಮ್ ಆಯಿತು, ಕೈ ತೆಗೆಯಿರಿ. ಎಷ್ಟಕ್ಕೆ ನಿಲ್ಲಿಸಬೇಕು ಅಂತ ಕೇಳಿದ್ದಿರಲ್ಲ, ಅದು ಇಲ್ಲಿಗೇ.

ಕೀ ಬಗ್ಗೆ. ಕೀಬೋರ್ಡಿನ ಬಲಗಡೆ ಅಂಕಿಗಳ ಭಾಗದಲ್ಲಿ 7 ಒತ್ತಿದರೆ ಮೂಗು ಕೆಳಗೆ, 1 ಒತ್ತಿದರೆ ಮೂಗು ಮೇಲೆ. ಒತ್ತಿ ಹಿಡಿಯಬೇಡಿ, ತಟ್ಟಿ ಬಿಡಿ. ಕೀಬೋರ್ಡಿಗೆ ಕೈ ಹಾಕುವ ಬದಲು ಸ್ಟಿಕ್‌ನ ತಲೆಯ ಮೇಲೆ ಹೆಬ್ಬೆರಳಿಗೆ ಸಿಗುವ ಎರಡು ಬಟನ್‌ಗೆ ಹಾಕಿಕೊಂಡರೆ ಇನ್ನೂ ಒಳ್ಳೆಯದು, ದೊಡ್ಡ ವಿಮಾನಗಳಲ್ಲೂ ಸ್ವಿಚ್ ಹೆಬ್ಬೆರಳ ಹತ್ತಿರವೇ ಇರುವುದು. ಥ್ರಾಟಲ್ ಪಕ್ಕ ಖಾಲಿ ಇರುವ ತಿರುಗಣಿ ಇದ್ದರೆ ಅದಕ್ಕೆ ಟ್ರಿಮ್ ಕೊಡಬೇಡಿ ಅಂತ ನನ್ನ ಅಭಿಪ್ರಾಯ. ಆಟೋಪೈಲಟ್ ತಾನೇ ಟ್ರಿಮ್ ಸರಿಸುವಾಗ ನಿಮ್ಮ ತಿರುಗಣಿ ಬೇರೆ ಕಡೆ ಕೂತಿರುತ್ತೆ, ಆಮೇಲೆ ಅದನ್ನು ಸ್ವಲ್ಪ ಮುಟ್ಟಿದರೂ ಟ್ರಿಮ್ ಅಲ್ಲಿಗೆ ಹಾರುತ್ತೆ.

ಸ್ಟಿಕ್ ಹಳೆಯದಾಗಿದ್ದರೆ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ (ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಕೂಡ ನೋಡಿ. ಕೈ ಬಿಟ್ಟಾಗಲೂ ಸೂಚಕ ನಡುಗುತ್ತಿದ್ದರೆ ಯಾವ ಟ್ರಿಮ್ಮೂ ನಿಲ್ಲಲ್ಲ.

ಕಾಲೇಜ್ ರೋಡ್

ಇಷ್ಟೆಲ್ಲ ಯಾಕ್ರೀ? ಅಸಿಸ್ಟೆನ್ಸ್ ಆಪ್ಷನ್‌ಗಳಲ್ಲಿ ಆಟೋ-ಟ್ರಿಮ್ ಅಂತ ಇದೆ, ಆನ್ ಮಾಡಿ ಬಿಡಿ. ನಾನು ಹಾಗೇ ಹಾರಿಸುವುದು.

ಗುಮ್ಮಟದೂರಿನವ

ಮಾಡಬಹುದು, ಯಾರೂ ಬೇಡ ಅನ್ನಲ್ಲ. ಆದರೆ ಅದು ಆನ್ ಇದ್ದಾಗ ನೀವು ಟ್ರಿಮ್ ಒತ್ತಿದರೆ ಅದೊಂದು ಕಡೆ ಎಳೆಯುತ್ತೆ, ನೀವೊಂದು ಕಡೆ. ಪ್ರಶ್ನೆ ಕೇಳಿದವರು ಮೊದಲು ಅದು ಆಫ್ ಇದೆಯಾ ನೋಡಿಕೊಳ್ಳಲಿ. ಕಲಿಯಬೇಕು ಅಂತ ಇದ್ದರೆ ಆಫ್ ಇರಲಿ.

ಆಲಮಟ್ಟಿ_ಬ್ಯಾಕ್‌ವಾಟರ್

ಟ್ರಿಮ್ ಬಗ್ಗೆ ಇಬ್ಬರು ಹೇಳಿಯಾಗಿದೆ, ಆಟೋಪೈಲಟ್ ನನಗೆ ಬಿಡಿ. ನಾನು ಬಾಗಲಕೋಟೆಯವ, ಸಿಮ್‌ನಲ್ಲಿ ಆಲಮಟ್ಟಿ ಹಿನ್ನೀರಿನ ಮೇಲೆ ಸುತ್ತು ಹಾಕುವುದೇ ನನ್ನ ಕೆಲಸ, ಆಟೋಪೈಲಟ್ ಹಾಕಿ ಕಿಟಕಿ ನೋಡುತ್ತಾ ಕೂರುವ ಜಾತಿ.

ಮೊದಲನೆಯದು, ಬಟನ್ ನೋಡಬೇಡಿ. ಎಪಿ (ಆಟೋಪೈಲಟ್) ಬಟನ್ ಒತ್ತಿದರೆ ವಿಮಾನಕ್ಕೆ ನಿಮ್ಮ ಮನಸ್ಸಿನಲ್ಲಿರುವ 5,500 ಗೊತ್ತಾಗಲ್ಲ. ಬರೀ ಎಪಿ ಒತ್ತಿದರೆ ಅದು ಆ ಗಳಿಗೆಯಲ್ಲಿ ಮೂಗು ಎಷ್ಟು ಎದ್ದಿದೆಯೋ ಅಷ್ಟೇ ಹಿಡಿದು, ರೆಕ್ಕೆ ಸಮ ಇಟ್ಟುಕೊಂಡು ಹೋಗುತ್ತೆ. ಜಿ1000 ಪರದೆಯ ಮೇಲ್ತುದಿಯಲ್ಲಿ ಒಂದು ಪಟ್ಟಿ ಇದೆ. ಎಡಗಡೆ ದಿಕ್ಕಿನ ಮೋಡ್, ನಡುವೆ ಎಪಿ, ಬಲಗಡೆ ಏರಿಳಿತದ ಮೋಡ್. ಹಸಿರು ಅಂದರೆ ಈಗ ನಡೆಯುತ್ತಿರುವುದು, ಬಿಳಿ ಅಂದರೆ ಸರದಿಯಲ್ಲಿ ಕಾಯುತ್ತಿರುವುದು. ಎಪಿ ಒತ್ತಿದಾಗ ಎಡಗಡೆ ಹಸಿರು ಆರ್‌ಓಎಲ್ (ರೆಕ್ಕೆ ಹಿಡಿಯುವುದು), ಬಲಗಡೆ ಹಸಿರು ಪಿಐಟಿ (ಮೂಗು ಹಿಡಿಯುವುದು) ಬರುತ್ತೆ. ಏನು ಒತ್ತಿದರೂ ಮೊದಲು ಆ ಪಟ್ಟಿ ಓದಿ. ಅಲ್ಲಿ ಬರೆದದ್ದನ್ನೇ ವಿಮಾನ ಮಾಡುತ್ತೆ.

5,500ರಲ್ಲಿ ಯಾಕೆ ನಿಲ್ಲಲ್ಲ? ಎಎಲ್‌ಟಿ (ಎತ್ತರ) ಅಂತ ಬರೆದ ತಿರುಗಣಿಯಲ್ಲಿ ಮೊದಲೇ 5,500 ಕೂರಿಸಿಲ್ಲ, ಅದಕ್ಕೆ. ಹೊರಗಿನ ಬಳೆ ಸಾವಿರ, ಒಳಗಿನದು ನೂರು. ಅದು ಕೂರಿಸಿ ಏರಿದರೆ ಬಲಗಡೆ ಬಿಳಿ ಅಕ್ಷರದಲ್ಲಿ ಎಎಲ್‌ಟಿಎಸ್ ಕಾಯುತ್ತಾ ಇರುತ್ತೆ, ಹತ್ತಿರ ಬಂದಾಗ ಹಸಿರಾಗುತ್ತೆ, ಆಮೇಲೆ ಬರೀ ಎಎಲ್‌ಟಿ ಆಗಿ ನಿಲ್ಲುತ್ತೆ. ತಿರುಗಣಿಯಲ್ಲಿ 2,000 ಇದ್ದು ನೀವು ಸಾಂಬ್ರಾದಿಂದ ಎದ್ದರೆ, ರನ್‌ವೇಯೇ ಸಮುದ್ರ ಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ, ಆ 2,000 ಅದಕ್ಕೆ ದಾರಿಯಲ್ಲಿ ಸಿಗುವುದೇ ಇಲ್ಲ. ಏರುತ್ತಲೇ ಇರುತ್ತೆ. ಇನ್ನೊಂದು: ಎಎಲ್‌ಟಿ *ಬಟನ್* ಬೇರೆ, ತಿರುಗಣಿ ಬೇರೆ. ಬಟನ್ ಒತ್ತಿದರೆ ಆಗ ಎಲ್ಲಿದ್ದೀರೋ ಅಲ್ಲೇ ಮಟ್ಟ ಆಗುತ್ತೆ.

ಸ್ಟಾಲ್ ಹಾರ್ನ್ ಕಥೆ ಇನ್ನೂ ಮುಖ್ಯ. ನೀವು ವಿಎಸ್ ಮೋಡ್‌ನಲ್ಲಿ 1,000 ಇಲ್ಲಾ 800 ಕೊಡುತ್ತಿದ್ದೀರಿ ಅಂತ ಕಾಣುತ್ತೆ. ವಿಎಸ್ ಅಂದರೆ ನಿಮಿಷಕ್ಕೆ ಇಷ್ಟು ಅಡಿ ಏರು ಅಂತ ಹುಕುಂ. ವೇಗ ಏನಾದರೂ ಆಗಲಿ, ಅದು ಕೇಳಲ್ಲ. ಸೆಸ್ನಾದಲ್ಲಿ ಆಟೋಥ್ರಾಟಲ್ ಇಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ಚಡಾವಿನಲ್ಲೂ ಇದೇ ಸ್ಪೀಡಲ್ಲಿ ಹತ್ತು ಅಂದ ಹಾಗೆ. ಎಂಜಿನ್‌ಗೆ ಶಕ್ತಿ ಸಾಲದಾದಾಗ ಆಟೋಪೈಲಟ್ ಮೂಗು ಇನ್ನಷ್ಟು ಎತ್ತುತ್ತೆ, ಟ್ರಿಮ್ಮೂ ಹಿಂದಕ್ಕೆ, ಅಂದರೆ ಮೂಗು ಎತ್ತುವ ಕಡೆಗೆ, ಸುತ್ತುತ್ತಾ ಹೋಗುತ್ತೆ, ವೇಗ 80, 70, 60. ಹಾರ್ನ್.

ಅದರಲ್ಲೂ ನಮ್ಮ ಕಡೆ ಬೇಸಿಗೆ. ಲೈವ್ ಹವಾಮಾನ ಹಾಕಿಕೊಂಡು ಏಪ್ರಿಲ್ ಮಧ್ಯಾಹ್ನ ಹಾರಿಸಿ ನೋಡಿ. ಸಾಂಬ್ರಾದಷ್ಟು ಎತ್ತರದಲ್ಲಿ 38 ಡಿಗ್ರಿ ಇದ್ದರೆ ರನ್‌ವೇ ಮೇಲೆ ನಿಂತಾಗಲೇ ಗಾಳಿ ಸುಮಾರು 5,800 ಅಡಿಯಲ್ಲಿ ಇರುವಷ್ಟು ತೆಳ್ಳಗಿರುತ್ತೆ. ಎಂಜಿನ್ ಅಷ್ಟಕ್ಕೇ ಸೊರಗಿರುತ್ತೆ. ಅದಕ್ಕೆ 1,000 ಅಡಿ ಏರು ಅಂದರೆ ಎಲ್ಲಿಂದ ತರಬೇಕು? ಏರುವಾಗ ಮಿಕ್ಸ್ಚರ್ ಗುಂಡಿಯನ್ನು (ಗಾಳಿಗೆ ತಕ್ಕಷ್ಟು ಇಂಧನ ಬೆರೆಸುವುದು) ಸ್ವಲ್ಪ ಹಿಂದೆ ಎಳೆಯುವುದನ್ನೂ ಮರೆಯಬೇಡಿ.

ಇದಕ್ಕೆ ಎಫ್‌ಎಲ್‌ಸಿ ಬಳಸಿ. 80 ನಾಟ್‌ನಲ್ಲಿ ಏರುತ್ತಿರುವಾಗ ಎಫ್‌ಎಲ್‌ಸಿ ಒತ್ತಿದರೆ ಆ 80 ಹಿಡಿದುಕೊಳ್ಳುತ್ತೆ. ಎಂಜಿನ್ ಎಷ್ಟು ಕೊಡುತ್ತೋ ಅಷ್ಟೇ ಏರುತ್ತೆ. 700 ಸಿಗಲಿ, 400 ಸಿಗಲಿ, ವೇಗ ಮಾತ್ರ ಬೀಳಲ್ಲ. ಒಂದು ಎಚ್ಚರ: ಎಫ್‌ಎಲ್‌ಸಿಯಲ್ಲಿ ನೋಸ್ ಅಪ್ ಒತ್ತಿದರೆ ಹಿಡಿದ ವೇಗ ಕಡಿಮೆ ಆಗುತ್ತೆ, ನೋಸ್ ಡೌನ್ ಒತ್ತಿದರೆ ಹೆಚ್ಚಾಗುತ್ತೆ. ಹೊಸದರಲ್ಲಿ ಉಲ್ಟಾ ಅನ್ನಿಸುತ್ತೆ. ಇಳಿಯಲು ಮಾತ್ರ ನನಗೆ ವಿಎಸ್ ಇಷ್ಟ. ಕೆಳಕ್ಕೆ 500 ಕೊಟ್ಟು ಥ್ರಾಟಲ್‌ನಿಂದ ವೇಗ ನೋಡಿಕೊಂಡರೆ ಸಾಕು. 5,500ರಿಂದ 3,200ಕ್ಕೆ ಇಳಿಯಲು ನಾಲ್ಕೂವರೆ ನಿಮಿಷದ ಮೇಲೆ ಸ್ವಲ್ಪ, ಅಂದರೆ 8–9 ಮೈಲಿ. ಧಾರವಾಡ ಕಾಲ ಕೆಳಗೆ ಬರುವ ಮುಂಚೆಯೇ ಶುರು ಮಾಡಿದರೆ ಹುಬ್ಬಳ್ಳಿಗೆ ಸರಿಯಾಗಿ ಬರುತ್ತೀರಿ.

ಕಡೆಯದು, ತೆಗೆದಾಗ ಮೂಗು ಏಳುವುದು. ನನ್ನ ಊಹೆ ಹೇಳುತ್ತೇನೆ, ಸರಿಯಾ ನೋಡಿ. ಎತ್ತರ ಹಿಡಿದಿರುವಾಗಲೇ ಇಳಿಯಬೇಕು ಅಂತ ಥ್ರಾಟಲ್ ತಗ್ಗಿಸುತ್ತೀರಿ. ಆಟೋಪೈಲಟ್ 5,500 ಬಿಡಬಾರದು ಅಂತ ಮೂಗು ಎತ್ತುತ್ತೆ, ಟ್ರಿಮ್ ಹಿಂದಕ್ಕೆ ಸುತ್ತುತ್ತೆ, ವೇಗ 70ಕ್ಕೆ ಬರುತ್ತೆ. ನಿಮಗೆ ಗಾಬರಿ. ಎಪಿ ತೆಗೆದು ಥ್ರಾಟಲ್ ಮುಂದಕ್ಕೆ ಕೊಡುತ್ತೀರಿ. 70 ನಾಟ್‌ನ ಟ್ರಿಮ್, ಮೇಲೆ ಪೂರ್ತಿ ಪವರ್. ಮೂಗು ಏಳದೆ ಇನ್ನೇನು ಮಾಡೀತು?

ಟಿಳಕವಾಡಿ_172

ಅಣ್ಣಾ, ಹಿಂದೆ ಕೂತು ನೋಡಿದ ಹಾಗೆ ಹೇಳಿದ್ದೀರಿ! ಥ್ರಾಟಲ್ ತಗ್ಗಿಸಿ, ಗಾಬರಿಯಾಗಿ ಮತ್ತೆ ಕೊಡುವುದು, ಅದೇ ಆಗುತ್ತಿದೆ. ಮೇಲಿನ ಪಟ್ಟಿ ಇದೆ ಅಂತಲೇ ಗಮನಿಸಿರಲಿಲ್ಲ.

ಹಾಗಾದರೆ ತೆಗೆಯುವ ಸರಿಯಾದ ರೀತಿ ಯಾವುದು? ಆಟೋಪೈಲಟ್ ಆನ್ ಇರುವಾಗಲೇ ನಾನು ಟ್ರಿಮ್ ಒತ್ತಿ ಸರಿ ಮಾಡಿಟ್ಟುಕೊಳ್ಳಬಹುದಾ?

ಆಲಮಟ್ಟಿ_ಬ್ಯಾಕ್‌ವಾಟರ್

ಬೇಡ. ಆನ್ ಇರುವಾಗ ಟ್ರಿಮ್ ಅದರದ್ದು, ನೀವು ಮುಟ್ಟಬೇಡಿ. ನಿಜವಾದ ವಿಮಾನದಲ್ಲಿ ಯೋಕ್ ಮೇಲಿನ ಟ್ರಿಮ್ ಸ್ವಿಚ್ ಒತ್ತಿದರೆ ಆಟೋಪೈಲಟ್ಟೇ ಬಿಟ್ಟುಹೋಗುತ್ತೆ.

ಹಾಕುವಾಗಲೂ ತೆಗೆಯುವಾಗಲೂ ಒಂದೇ ಷರತ್ತು: ವಿಮಾನ ಆಗಲೇ ಶಾಂತವಾಗಿರಬೇಕು. ಹಾಕುವ ಮುಂಚೆ ಕೈಯಲ್ಲಿ ಟ್ರಿಮ್ ಮಾಡಿ, ಕೈ ಬಿಟ್ಟು ನೋಡಿ, ಹೆಡಿಂಗ್ ಬಗ್ (ದಿಕ್ಸೂಚಿಯ ಮೇಲಿನ ದಿಕ್ಕಿನ ಗುರುತು) ಅನ್ನು ಹೋಗುತ್ತಿರುವ ದಿಕ್ಕಿಗೆ ತಂದು ಆಮೇಲೆ ಎಪಿ, ಆಮೇಲೆ ಆ ದಿಕ್ಕು ಹಿಡಿಯುವ ಎಚ್‌ಡಿಜಿ ಬಟನ್. ಬಗ್ ಬೇರೆ ಕಡೆ ಇದ್ದರೆ ಹಾಕಿದ ತಕ್ಷಣ ಆ ಕಡೆ ವಾಲುತ್ತೆ. ತೆಗೆಯುವ ಮುಂಚೆ ವೇಗ ಒಂದು ಕಡೆ ನಿಂತಿರಲಿ, ಸ್ಟಿಕ್ ನಡುವೆ ಇರಲಿ, ಕೈ ಮಾತ್ರ ಅದರ ಮೇಲಿರಲಿ. ತೆಗೆದ ಮೇಲೆ ಒಂದೆರಡು ಉಸಿರು ಥ್ರಾಟಲ್ ಮುಟ್ಟಬೇಡಿ. ಅಷ್ಟರಲ್ಲಿ ವಿಮಾನ ನಿಮ್ಮ ಕೈಗೆ ಬಂದಿರುತ್ತೆ.

ಘಟಪ್ರಭಾ_ಗ್ಲೈಡರ್

ಇದಕ್ಕೆ ಒಂದು ಸೇರಿಸುತ್ತೇನೆ. ಕೈಯಲ್ಲಿ ಇಳಿಸುವಾಗ ಫ್ಲಾಪ್ (ರೆಕ್ಕೆಯ ಹಿಂದೆ ಕೆಳಕ್ಕೆ ಬಾಗುವ ಹಲಗೆ) ಹಾಕಿದರೆ 172 ಮೂಗು ಎತ್ತುತ್ತೆ. ಸ್ಟಿಕ್ ಮುಂದೆ ಒತ್ತಿ ಹಿಡಿದು, ವೇಗ ನಿಂತ ಮೇಲೆ ಟ್ರಿಮ್. ಪೂರ್ತಿ ಫ್ಲಾಪ್‌ನಲ್ಲಿ 60–65 ನಾಟ್‌ಗೆ ಟ್ರಿಮ್ ಮಾಡಿಕೊಂಡರೆ ರನ್‌ವೇ ತನಕ ಥ್ರಾಟಲ್ ಒಂದೇ ಕೆಲಸ. ಇಳಿಯುವುದು ಬೇಡ, ಮತ್ತೆ ಮೇಲೇಳೋಣ ಅಂತ ಪೂರ್ತಿ ಪವರ್ ಕೊಟ್ಟರೆ ಮಾತ್ರ ಸ್ಟಿಕ್ ಬಲವಾಗಿ ಮುಂದೆ ಒತ್ತಲು ಸಿದ್ಧರಾಗಿರಿ. ಆ ಟ್ರಿಮ್ 60 ನಾಟ್‌ನದು, ನೆನಪಿರಲಿ. ಹೊರಡುವ ಮುಂಚೆ ಚಕ್ರದ ಪಕ್ಕದ ಟೇಕ್‌ಆಫ್ ಗುರುತಿಗೆ ಟ್ರಿಮ್ ತಂದಿಟ್ಟುಕೊಳ್ಳಿ. ಹಿಂದಿನ ಇಳಿಕೆಯ ಟ್ರಿಮ್ ಹಾಗೇ ಬಿಟ್ಟು ಹೊರಟರೆ ಚಕ್ರ ನೆಲ ಬಿಡುತ್ತಲೇ ಮೂಗು ಎಗರುತ್ತೆ.

ಚಿಕ್ಕೋಡಿ_320

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಏರ್‌ಬಸ್ ಎ320 ಹಾರಿಸುತ್ತೇನೆ. ಅದರಲ್ಲಿ ಟ್ರಿಮ್ ಮಾಡಲೇ ಇಲ್ಲ ಯಾವತ್ತೂ. ಏನಾದರೂ ತಪ್ಪಾ?

ಗುಮ್ಮಟದೂರಿನವ

ತಪ್ಪಿಲ್ಲ. ಎ320ರಲ್ಲಿ ಕೈಯಲ್ಲಿ ಹಾರಿಸುವಾಗಲೂ ಕಂಪ್ಯೂಟರೇ ಟ್ರಿಮ್ ಮಾಡುತ್ತೆ. ಸ್ಟಿಕ್ ಬಿಟ್ಟರೆ ಇದ್ದ ದಾರಿಯನ್ನೇ ಹಿಡಿದು ಹೋಗುತ್ತೆ, 172ರ ಹಾಗೆ ವೇಗ ಹುಡುಕಿಕೊಂಡು ಹೋಗಲ್ಲ. ಹೊರಡುವ ಮುಂಚೆ ಮಾತ್ರ ಭಾರಕ್ಕೆ ತಕ್ಕಂತೆ ಚಕ್ರ ಕೂರಿಸಬೇಕು. ಇಳಿಯುವಾಗ 50 ಅಡಿಗೆ ಬಂದಾಗ ಆಟೋ ಟ್ರಿಮ್ ನಿಲ್ಲುತ್ತೆ, ಆಮೇಲೆ ಕಂಪ್ಯೂಟರ್ ಮೂಗನ್ನು ಮೆಲ್ಲಗೆ ತಗ್ಗಿಸುತ್ತೆ, ಅದಕ್ಕೇ ಕೊನೆಗೆ ಸ್ವಲ್ಪ ಎಳೆಯಬೇಕಾಗುವುದು. ಬೋಯಿಂಗ್ 737ಕ್ಕೆ ಹೋದರೆ ಕಥೆ ಬೇರೆ. ಅಲ್ಲಿ ಹೆಬ್ಬೆರಳಿನ ಸ್ವಿಚ್ ಒತ್ತಿದರೆ ಸಣ್ಣ ಪಟ್ಟಿಯಲ್ಲ, ಬಾಲದ ಇಡೀ ಅಡ್ಡ ರೆಕ್ಕೆಯೇ ಸರಿಯುತ್ತೆ, ಕಾಲಿನ ಪಕ್ಕ ದೊಡ್ಡ ಚಕ್ರ ಕಟಕಟ ಅಂತ ಸುತ್ತುತ್ತೆ. 172ರಲ್ಲಿ ಕಲಿತದ್ದು ಅಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತೆ.

ಟಿಳಕವಾಡಿ_172

ನಿನ್ನೆ ರಾತ್ರಿ ನೀವು ಹೇಳಿದ ಹಾಗೇ ಮಾಡಿದೆ. ವೇಗ ನಿಲ್ಲುವ ತನಕ ಟ್ರಿಮ್ ಮುಟ್ಟಲಿಲ್ಲ, ಕಿತ್ತೂರು ದಾಟುವಾಗ ಸ್ಟಿಕ್‌ನಿಂದ ಕೈ ತೆಗೆದು ಚಹಾ ಕುಡಿದೆ. ಎಫ್‌ಎಲ್‌ಸಿಯಲ್ಲಿ ಏರಿದ್ದೂ ಚೆನ್ನಾಗಿ ಬಂತು. ಒಂದೇ ಒಂದು ಉಳಿದಿದೆ. ಆಟೋಪೈಲಟ್ 5,500 ಹಿಡಿದಿದೆ ಅಂತ ಪಟ್ಟಿ ಹೇಳುತ್ತೆ, ಆದರೆ ಆಟದವರ ನಕ್ಷೆಯಲ್ಲಿ ಎತ್ತರ 5,300 ಚಿಲ್ಲರೆ ತೋರಿಸುತ್ತೆ. ಯಾವುದನ್ನು ನಂಬಲಿ?

ಆಲಮಟ್ಟಿ_ಬ್ಯಾಕ್‌ವಾಟರ್

ಆಲ್ಟಿಮೀಟರ್‌ಗೆ (ಎತ್ತರದ ಮಾಪಕ) ಆ ದಿನದ ಗಾಳಿಯ ಒತ್ತಡ ಹಾಕಿಲ್ಲ ಅನಿಸುತ್ತೆ. ಕೀಬೋರ್ಡಿನಲ್ಲಿ ಬಿ ಒತ್ತಿ, ತಾನೇ ಕೂರುತ್ತೆ. ಆಟೋಪೈಲಟ್ ಆಲ್ಟಿಮೀಟರ್ ಹೇಳಿದ್ದನ್ನೇ ನಂಬುತ್ತೆ, ಅದು ತಪ್ಪಿದ್ದರೆ ಇದೂ ತಪ್ಪು. ಆಮೇಲೂ ಸ್ವಲ್ಪ ವ್ಯತ್ಯಾಸ ಉಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಬಿಸಿ ಗಾಳಿಯಲ್ಲಿ ಅಷ್ಟು ಇದ್ದೇ ಇರುತ್ತೆ, ಹಾರುವಾಗ ಲೆಕ್ಕ ಆಲ್ಟಿಮೀಟರ್‌ದೇ. ಮುಂದೆ ಯಾವಾಗಲಾದರೂ ಮುಳ್ಳಿನ ಮೀಟರ್‌ಗಳ ಹಳೇ 172 ತೆಗೆದುಕೊಂಡರೆ, ಅದರ ಕೆಎಪಿ 140 ಆಟೋಪೈಲಟ್‌ಗೆ ಒತ್ತಡ ಬೇರೆಯಾಗಿ ಹಾಕಬೇಕಾಗುತ್ತೆ, ಬಿಎಆರ್‌ಓ ಅಂತ ಅದಕ್ಕೇ ಒಂದು ಬಟನ್ ಇದೆ. ಚಹಾ ಕುಡಿಯುವ ಮುಂಚೆ ಅದೊಂದು ನೋಡಿಕೊಳ್ಳಿ.